ಹಿಂದಿನ ಸಾಲಿನ ನಡುವಿನ ಸೀಟು

ಕೈಗೆಟುಕುವ ವಿದ್ಯುತ್ ವಾಹನಗಳ ವಿಭಾಗ
ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ, ಯಾವಾಗಿನಿಂದ ಎಂದು ಕೇಳಬಾರದು)

ಸಂಖ್ಯೆ: ಕೈವಿವಾ/ಆಸನವಾರು/ಹಿ.ಸಾ.ನ/೦೩
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಬರಲಿರುವ ವಿದ್ಯುತ್ ಕಾರುಗಳನ್ನು ಜನಸಾಮಾನ್ಯರ ಕೈಗೆಟುಕುವಂತೆ ಮಾಡುವ ಸಲುವಾಗಿ ಸಿಬ್ಬಂದಿಗೆ ಸೀಟು ಲೆಕ್ಕದಲ್ಲಿ ಮಾರಲಾದ ಪ್ರಾಯೋಗಿಕ ಕಾರಿನ ಬಳಕೆ, ಹಾಗೂ ಸದರಿ ಕಾರು ಕಳೆದ ಭಾನುವಾರ ಅಂಚೆ ಕಚೇರಿಯ ತಿರುವಿನವರೆಗೆ ಓಡಿ ಹೋಗಿ, ತಳ್ಳಲ್ಪಟ್ಟು ಹಿಂದಿರುಗಿದ ಬಗ್ಗೆ.

ಉಲ್ಲೇಖ: (೧) ಇದೇ ವಿಷಯದ ಮೇಲಿನ ಹಿಂದಿನ ಎರಡು ಸುತ್ತೋಲೆಗಳು (ಯಾರೂ ಓದಿಲ್ಲವೆಂದು ತಿಳಿದುಬಂದಿದೆ). (೨) ಗೇಟಿನ ಕಾವಲುಗಾರರ ವರದಿ. (೩) ಕಚೇರಿ ಜೀಪಿನ ಚಾಲಕರು ನೀಡಿದ ಮೌಖಿಕ ವಿವರಣೆ.

ಪ್ರಸ್ತಾವನೆ

ಬರಲಿರುವ ವಿದ್ಯುತ್ ಕಾರುಗಳ ಮೂರು ಮಾದರಿಗಳನ್ನು ಈ ವಿಭಾಗವು ಪರಿಶೀಲಿಸಿರುತ್ತದೆ. ಒಂದನೆಯದು ದೊಡ್ಡದು, ಎರಡನೆಯದು ಚಿಕ್ಕದು, ಮೂರನೆಯದು ಇನ್ನೂ ಕಾಗದದ ಮೇಲಿದೆ. ಮೂರರಲ್ಲಿ ಒಂದನ್ನೂ ಕೊಳ್ಳುವ ಶಕ್ತಿ ಈ ಕಟ್ಟಡದಲ್ಲಿ ಯಾರಿಗೂ ಇರುವುದಿಲ್ಲ. ಸಭೆಯಲ್ಲಿ ಬೆಲೆಗಳನ್ನು ಗಟ್ಟಿಯಾಗಿ ಓದಿದಾಗ ಸ್ವಲ್ಪ ಹೊತ್ತು ಯಾರೂ ಚಹಾ ಮುಟ್ಟಲಿಲ್ಲವೆಂದು ನಡಾವಳಿಯಲ್ಲಿ ದಾಖಲಾಗಿದೆ.

ಬೆಲೆ ಇಳಿಸಲು ಹಲವು ಸಲಹೆಗಳು ಬಂದವು. ಬಣ್ಣ ಬಳಿಯದೆ ಮಾರುವುದು. ಬ್ಯಾಟರಿ ಇಲ್ಲದೆ ಮಾರಿ, ಇಳಿಜಾರು ಇರುವ ಊರುಗಳಿಗೆ ಮಾತ್ರ ಕಳುಹಿಸುವುದು. ಕಾರನ್ನು ಕೊಳ್ಳದೆಯೇ ಕೊಂಡವರ ಹಾಗೆ ಓಡಾಡುವುದು. ಕೊನೆಯ ಸಲಹೆಯು ಈಗಾಗಲೇ ಸಾರ್ವಜನಿಕರಲ್ಲಿ ರೂಢಿಯಲ್ಲಿರುವುದರಿಂದ ಅದಕ್ಕೆ ಪ್ರತ್ಯೇಕ ಆದೇಶ ಬೇಡವೆಂದು ತೀರ್ಮಾನಿಸಲಾಯಿತು.

ಇಡೀ ಕಾರು ದುಬಾರಿಯಾದರೂ ಒಂದು ಸೀಟು ಅಷ್ಟು ದುಬಾರಿಯಲ್ಲ ಎಂಬುದು ತದನಂತರ ಹೊಳೆಯಿತು. ಮನುಷ್ಯನೊಬ್ಬ ಒಂದು ಸಲಕ್ಕೆ ಒಂದೇ ಸೀಟಿನಲ್ಲಿ ಕೂರುತ್ತಾನೆಂದು ಸಮೀಕ್ಷೆಯಿಂದಲೂ ದೃಢಪಟ್ಟಿತು. ಹೀಗಾಗಿ ಎರಡನೆಯ ಮಾದರಿಯ ಒಂದು ಕಾರನ್ನು ತರಿಸಿ, ಸೀಟು ಸೀಟಾಗಿ ಸಿಬ್ಬಂದಿಗೆ ಮಾರಲಾಗಿದೆ. ಈ ಒಂದು ಕಾರು ಜಗಳವಿಲ್ಲದೆ ಓಡಿದರೆ ಮೂರೂ ಮಾದರಿಗಳನ್ನು ಇದೇ ರೀತಿ ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಗುವುದು. ಇದುವರೆಗೆ ಅದು ಜಗಳವಿಲ್ಲದೆ ಓಡಿಲ್ಲ. ಆದಕಾರಣ ಈ ಕೆಳಗಿನಂತೆ ಎಲ್ಲರ ಗಮನಕ್ಕೆ ತರಲಾಗಿದೆ.

೧. ಮಾಲೀಕತ್ವ

(ಅ) ಸ್ಟೀರಿಂಗ್ ಮುಂದಿನ ಸೀಟು ಲೆಕ್ಕಪತ್ರ ಶಾಖೆಯ ಮೇಡಂ ಅವರದು. ಇದು ಕದಲದೆ ಉಳಿದ ಸೀಟುಗಳು ಕದಲುವುದಿಲ್ಲ ಎಂಬ ದೂರಾಲೋಚನೆಯಿಂದ, ಬೆಲೆ ಹೆಚ್ಚಾದರೂ ಅದನ್ನೇ ಕೊಂಡಿರುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ.

(ಆ) ಮುಂದಿನ ಎಡ ಸೀಟು ಕೆಳಗೆ ಸಹಿ ಮಾಡಿರುವವರದು. ಇದರಲ್ಲಿ ಪಕ್ಷಪಾತವೇನೂ ಇಲ್ಲ. ಚೀಟಿ ಎತ್ತುವಾಗ ಡಬ್ಬಿ ಅವರ ಮೇಜಿನ ಮೇಲಿತ್ತು, ಅಷ್ಟೆ.

(ಇ) ಹಿಂದಿನ ಎಡ ಕಿಟಕಿಯ ಸೀಟು ಬೆರಳಚ್ಚುಗಾರರು ಮತ್ತು ಅವರ ಅತ್ತೆಯವರದು, ವಾರ ಬಿಟ್ಟು ವಾರ. ಬಲ ಕಿಟಕಿಯ ಸೀಟು ಉಗ್ರಾಣಪಾಲಕರದು. ಸೀಟು ಕೊಳ್ಳುವ ಶಕ್ತಿ ಇಲ್ಲದ ದಾಖಲೆ ಕೋಣೆಯ ಸಹಾಯಕರು ಡಿಕ್ಕಿಯನ್ನು ಕೊಂಡಿದ್ದು, ಸದ್ಯ ಅಲ್ಲಿ ಅವರ ಒಂದು ಚಾಪೆ ಮತ್ತು ಕಡ್ಡಿ ಮುರಿದ ಛತ್ರಿ ವಾಸವಾಗಿವೆ.

(ಈ) ಹಿಂದಿನ ಸಾಲಿನ ನಡುವಿನ ಸೀಟು ಎಲ್ಲಕ್ಕಿಂತ ಅಗ್ಗ. ಅದನ್ನು ಕಚೇರಿ ಜೀಪಿನ ಚಾಲಕರು ಕೊಂಡಿರುತ್ತಾರೆ. ಮಾಲೀಕರ ಹೆಸರು ಬರೆಯಬೇಕಾದಲ್ಲಿ ಅವರು ತಮ್ಮ ಹೆಸರಿನ ಬದಲು ತಮ್ಮ ಪತ್ನಿಯವರ ಹೆಸರು ಬರೆದಿದ್ದನ್ನು ಆಗ ಯಾರೂ ಗಮನಿಸಲಿಲ್ಲ.

(ಉ) ಈ ಕಟ್ಟಡದಲ್ಲಿ ಕಾರು ಓಡಿಸಲು ಬರುವವರು ಸದರಿ ಚಾಲಕರೊಬ್ಬರೇ. ಅವರು ಈ ತಿಂಗಳ ಕೊನೆಯ ದಿನ ನಿವೃತ್ತರಾಗಲಿದ್ದಾರೆ. ಯೋಜನೆಯು ಸೇವೆಯಲ್ಲಿರುವವರಿಗೆ ಮಾತ್ರ ಅನ್ವಯಿಸುವುದರಿಂದ, ಮರುದಿನ ಬೆಳಿಗ್ಗೆಯಿಂದ ಅವರು ಸ್ಟೀರಿಂಗ್ ಮುಟ್ಟುವಂತಿಲ್ಲ. ಅವರ ಪತ್ನಿಯವರ ಸೀಟನ್ನೂ ಹಿಂದಕ್ಕೆ ಪಡೆಯಲಾಗುವುದು.

೨. ಕೂರುವ ಕ್ರಮ

ಯಾರೂ ಇನ್ನೊಬ್ಬರ ಸೀಟಿನಲ್ಲಿ ಅವರ ಒಪ್ಪಿಗೆ ಇಲ್ಲದೆ ಕೂರತಕ್ಕದ್ದಲ್ಲ. ಕಾರು ಓಡಬೇಕಾದರೆ ಚಾಲಕರು ಮೇಡಂ ಅವರ ಸೀಟಿನಲ್ಲಿ ಕೂರಬೇಕಾಗುತ್ತದೆ. ಮೇಡಂ ಒಪ್ಪಿಗೆ ಕೊಡುತ್ತಾರೆ, ಆದರೆ ತಮ್ಮನ್ನು ಬೇರೆಲ್ಲಾದರೂ ಕೂರಿಸಬೇಕೆಂಬ ಷರತ್ತಿನ ಮೇಲೆ. ಆಗ ಖಾಲಿ ಉಳಿದಿರುವುದು ನಡುವಿನ ಸೀಟು ಮಾತ್ರ. ಆದ್ದರಿಂದ ಮೇಡಂ ಅದರಲ್ಲಿ ಕೂರುತ್ತಾರೆ. ಒಟ್ಟಿನಲ್ಲಿ, ಕಾರು ಓಡುವಾಗ ನಡುವಿನ ಸೀಟು ಅದರ ಮಾಲೀಕರಿಗೆ ಸಿಗುವುದಿಲ್ಲ. ನಡುವಿನ ಸೀಟು ಖಾಲಿ ಇರುವಾಗ ಕಾರು ಓಡುವುದಿಲ್ಲ. ಇದನ್ನು ಯೋಜನೆಯ ಒಂದು ಸಣ್ಣ ನ್ಯೂನತೆ ಎಂದು ಪರಿಗಣಿಸಲಾಗಿತ್ತು.

ಮೇಡಂ ರಜೆ ಹಾಕಿದ ದಿನ ಈ ತೊಡಕು ಇರುವುದಿಲ್ಲ. ಆದರೆ ಮೇಡಂ ಸೇವೆಗೆ ಸೇರಿದಂದಿನಿಂದ ಒಂದು ದಿನವೂ ರಜೆ ಹಾಕಿದವರಲ್ಲ.

೩. ಹಾಜರಾತಿ

ಎಲ್ಲ ಮಾಲೀಕರೂ ಕಾರಿನಲ್ಲಿದ್ದರೆ ಮಾತ್ರ ಕಾರು ಹೊರಡತಕ್ಕದ್ದು. ಬಾರದವರು ಕಾರಣವನ್ನು ಲಿಖಿತವಾಗಿ ಕೊಡಬೇಕು. ‘ಮನಸ್ಸಿಲ್ಲ’ ಎಂಬುದು ಕಾರಣವಲ್ಲ. ಡಿಕ್ಕಿಯ ಮಾಲೀಕರ ಪರವಾಗಿ ಛತ್ರಿಯ ಹಾಜರಾತಿ ಸಾಕು.

೪. ಕಿಟಕಿಯ ಹೊರಗಿನ ನೋಟ

ಕಿಟಕಿಯಿಂದ ಕಾಣುವ ಮರ, ಅಂಗಡಿ, ಮೋಡ ಇತ್ಯಾದಿಗಳು ಆಯಾ ಕಿಟಕಿಯ ಸೀಟಿನವರ ಸ್ವತ್ತು. ನಡುವಿನ ಸೀಟಿನ ಬೆಲೆಯಲ್ಲಿ ಕಿಟಕಿ ಸೇರಿರುವುದಿಲ್ಲ. ಅಲ್ಲಿ ಕೂತವರು ಮುಂದಿನ ಇಬ್ಬರ ತಲೆಗಳ ನಡುವೆ ಕಾಣಿಸುವಷ್ಟು ರಸ್ತೆಯನ್ನು ಮಾತ್ರ ನೋಡತಕ್ಕದ್ದು. ನಡುವಿನ ಸೀಟಿನಲ್ಲಿ ಕೂತಿದ್ದ ಮೇಡಂ ಬಲ ಕಿಟಕಿಯಿಂದ ಸೀರೆ ಅಂಗಡಿಯನ್ನು ಪೂರ್ತಿಯಾಗಿ ನೋಡಿದರೆಂದು ಉಗ್ರಾಣಪಾಲಕರು ದೂರಿದ್ದಾರೆ. ತಿರುವಿನಲ್ಲಿ ಕತ್ತು ತಾನಾಗಿ ಹೊರಳಿದ್ದು ಎಂಬ ಮೇಡಂ ಅವರ ಸಮಜಾಯಿಷಿಯನ್ನು ಈ ಒಂದು ಸಲಕ್ಕೆ ಒಪ್ಪಲಾಗಿದೆ. ಸೀರೆ ಅಂಗಡಿಯ ಬಳಿ ರಸ್ತೆಗೆ ತಿರುವಿಲ್ಲ ಎಂಬುದನ್ನೂ ಗಮನಿಸಲಾಗಿದೆ.

೫. ಶಬ್ದ

ವಿದ್ಯುತ್ ಕಾರು ಸದ್ದಿಲ್ಲದೆ ಬರುವುದರಿಂದ, ನಡೆದು ಹೋಗುವವರ ಎಚ್ಚರಿಕೆಗಾಗಿ ಏನಾದರೂ ಶಬ್ದ ಬರಲೇಬೇಕೆಂದು ಸುರಕ್ಷತಾ ಶಾಖೆ ಪಟ್ಟು ಹಿಡಿದಿದೆ. ಶಬ್ದದ ಯಂತ್ರ ಕೂರಿಸಿದರೆ ಬೆಲೆ ಏರುತ್ತದೆ. ಆದ್ದರಿಂದ ಸದರಿ ಶಬ್ದವನ್ನು ಹಿಂದಿನ ಎಡ ಸೀಟಿನವರು ಬಾಯಿಯಿಂದ ಮಾಡತಕ್ಕದ್ದು. ಶಬ್ದವು ‘ಬುರ್ರ್’ ಎಂದಿರಬೇಕು. ಗೇಟು ದಾಟುವಾಗ ತಪ್ಪಬಾರದು. ಬೆರಳಚ್ಚುಗಾರರ ಶಬ್ದ ಸೀನು ಬಂದ ಹಾಗಿರುತ್ತದೆಂದೂ, ಅವರ ಅತ್ತೆಯವರ ವಾರದಲ್ಲಿ ಮಾತ್ರ ಜನ ಪಕ್ಕಕ್ಕೆ ಸರಿಯುತ್ತಾರೆಂದೂ ವರದಿಯಾಗಿದೆ. ಅತ್ತೆಯವರಿಗೆ ಪ್ರಶಂಸಾ ಪತ್ರ ಕಳುಹಿಸಲಾಗಿದೆ; ಅಳಿಯನವರಿಗೆ ತರಬೇತಿ ನೀಡುವಂತೆಯೂ ಅದರಲ್ಲಿ ಕೋರಲಾಗಿದೆ. ಎಡ ಸೀಟು ಖಾಲಿ ಇದ್ದಲ್ಲಿ ಶಬ್ದದ ಹೊಣೆ ಪಕ್ಕದ ಸೀಟಿನವರದು.

೬. ಚಾರ್ಜು

ಚಾರ್ಜಿಂಗ್ ಕೇಂದ್ರ ಕಟ್ಟುವ ಖರ್ಚು ಉಳಿಸಲು ಎರಡನೇ ಮಹಡಿಯ ಕಿಟಕಿಯಿಂದ ವೈರು ಇಳಿಬಿಡಲಾಗಿದೆ. ಅದರ ಮೇಲಿನ ತುದಿ ಚಹಾದ ಕೆಟಲಿನ ಪ್ಲಗ್ಗಿನಲ್ಲಿದೆ. ಕೆಟಲು ಕಾಯುವಾಗ ಕಾರು ಕಾಯತಕ್ಕದ್ದು. ಎರಡನೇ ಲೋಟ ಚಹಾ ಕೇಳುವವರು ಯಾರ ಸೀಟಿನ ಚಾರ್ಜನ್ನು ಕುಡಿಯುತ್ತಿದ್ದಾರೆಂದು ಮೊದಲೇ ಘೋಷಿಸಬೇಕು.

ಬ್ಯಾಟರಿಯಲ್ಲಿರುವ ಚಾರ್ಜನ್ನು ಸೀಟಿನ ಬೆಲೆಗೆ ತಕ್ಕ ಹಾಗೆ ಹಂಚಲಾಗಿದೆ. ನಡುವಿನ ಸೀಟಿನ ಪಾಲಿನಲ್ಲಿ ಕಾರು ಕಚೇರಿಯ ಗೇಟಿನಿಂದ ಅಂಚೆ ಕಚೇರಿಯ ತಿರುವಿನವರೆಗೆ ಹೋಗಬಲ್ಲದು. ಹಿಂದಿರುಗುವುದು ಅದರಲ್ಲಿ ಸೇರಿಲ್ಲ.

೭. ಕುಲುಕಾಟ

ರಸ್ತೆಯ ಗುಂಡಿಗಳಿಂದ ದೊರೆಯುವ ಕುಲುಕಾಟವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳತಕ್ಕದ್ದು. ಛತ್ರಿಗೆ ಹೆಚ್ಚು ಪಾಲು ಹೋಗುತ್ತಿದೆ ಎಂಬ ದೂರು ಪರಿಶೀಲನೆಯಲ್ಲಿದೆ.

೮. ಭಾನುವಾರದ ಘಟನೆ

ಕಳೆದ ಭಾನುವಾರ ಬೆಳಿಗ್ಗೆ, ಕಚೇರಿಗೆ ಬೀಗ ಇದ್ದ ಹೊತ್ತಿನಲ್ಲಿ, ಸದರಿ ಕಾರು ಗೇಟಿನ ಬಳಿ ಬಂದಿತು. ಚಾಲಕರು ಮೇಡಂ ಅವರ ಸೀಟಿನಲ್ಲಿದ್ದರು. ಅವರ ಪತ್ನಿಯವರು ಹಿಂದಿನ ಸಾಲಿನ ನಡುವಿನ ಸೀಟಿನಲ್ಲಿದ್ದರು. ಬೇರಾರೂ ಇರಲಿಲ್ಲ. ಗೇಟು ಏಕೆ ತೆರೆದಿರಿ ಎಂದು ಕೇಳಿದ್ದಕ್ಕೆ ಕಾವಲುಗಾರರು, ‘ಬುರ್ರ್’ ಶಬ್ದ ಕ್ರಮಬದ್ಧವಾಗಿ ಕೇಳಿಬಂದ ಕಾರಣ ತೆರೆದೆ ಎಂದು ತಿಳಿಸಿದ್ದಾರೆ. ಎಡ ಸೀಟು ಖಾಲಿ ಇದ್ದುದರಿಂದ ಸದರಿ ಶಬ್ದವನ್ನು ಚಾಲಕರ ಪತ್ನಿಯವರು ನಡುವಿನ ಸೀಟಿನಿಂದಲೇ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಮಾಡಿರುತ್ತಾರೆ.

ಎಡಗಡೆ ಕಿಟಕಿ ಖಾಲಿ, ಬಲಗಡೆ ಕಿಟಕಿ ಖಾಲಿ, ಚಾಲಕರ ಪಕ್ಕದ ಮುಂದಿನ ಸೀಟೂ ಖಾಲಿ ಇತ್ತು. ಆದರೂ ಪತ್ನಿಯವರು ತಮ್ಮ ಸೀಟಿನಿಂದ ಅತ್ತಿತ್ತ ಸರಿದಿರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೇರವಾಗಿ ಮುಂದಿನ ರಸ್ತೆಯನ್ನು ಮಾತ್ರ ನೋಡುತ್ತಿದ್ದರು ಎಂದು ಕಾವಲುಗಾರರು ಬರೆದಿದ್ದಾರೆ. ಈ ವಿಭಾಗದ ಸುತ್ತೋಲೆಗಳನ್ನು ಅಕ್ಷರಶಃ ಪಾಲಿಸಿದ ಮೊದಲ ವ್ಯಕ್ತಿ ಇವರೇ ಆಗಿದ್ದಾರೆ. ಇವರು ಈ ವಿಭಾಗದ ಸಿಬ್ಬಂದಿಯಲ್ಲ.

ಅಂಚೆ ಕಚೇರಿಯ ತಿರುವು ಬಂದ ಕೂಡಲೇ, ಬ್ಯಾಟರಿಯಲ್ಲಿ ಉಳಿದವರ ಪಾಲು ಇನ್ನೂ ಇದ್ದರೂ, ಚಾಲಕರು ಕಾರನ್ನು ನಿಲ್ಲಿಸಿರುತ್ತಾರೆ. ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ಇಳಿದು, ಕಾರನ್ನು ಗೇಟಿನವರೆಗೆ ತಳ್ಳಿಕೊಂಡು ಬಂದಿರುತ್ತಾರೆ. ತಳ್ಳುವಾಗ ಇಬ್ಬರೂ ಉದ್ದಕ್ಕೂ ನಗುತ್ತಿದ್ದರು. ನಗುವಿನ ಕಾರಣ ತನಿಖೆಯಲ್ಲಿ ಪತ್ತೆಯಾಗಿಲ್ಲ.

೯. ವಿವರಣೆ

ಮೇಡಂ ಅವರ ಒಪ್ಪಿಗೆ ಇಲ್ಲದೆ ಅವರ ಸೀಟಿನಲ್ಲಿ ಕೂತದ್ದು, ಹಾಗೂ ಬಾರದವರ ಲಿಖಿತ ಕಾರಣಗಳಿಲ್ಲದೆ ಕಾರನ್ನು ಹೊರಡಿಸಿದ್ದು, ಈ ಎರಡು ತಪ್ಪುಗಳಿಗೆ ಚಾಲಕರಿಂದ ವಿವರಣೆ ಕೇಳಲಾಯಿತು. ಬರೆದು ಕೊಡಿ ಎಂದರೆ ಅವರು ನಿಂತುಕೊಂಡೇ ಹೇಳಿದರು. ಅದನ್ನು ಕಚೇರಿಯ ಭಾಷೆಗೆ ತಿರುಗಿಸಲು ಬೆರಳಚ್ಚುಗಾರರಿಗೆ ಸೂಚಿಸಲಾಯಿತು. ಅವರು ಎರಡು ಹಾಳೆ ಹರಿದು ಹಾಕಿ, ಆಗುವುದಿಲ್ಲವೆಂದರು. ಆದ್ದರಿಂದ ಹೇಳಿದ ಹಾಗೆಯೇ ಇಲ್ಲಿ ನಮೂದಿಸಲಾಗಿದೆ:

“ಇಷ್ಟು ವರ್ಷ ಜೀಪಲ್ಲಿ ಎಲ್ಲಾರ್ನೂ ಕೂರಿಸ್ಕೊಂಡು ಓಡಾಡಿದೀನಿ ಸಾರ್. ಸಾಹೇಬ್ರ ಅತ್ತೇನ ಆಸ್ಪತ್ರೆಗೆ, ಸಾಹೇಬ್ರ ನಾಯೀನ ಡಾಕ್ಟ್ರ ಹತ್ರ. ನಮ್ಮನೆಯವಳನ್ನ ಹತ್ತಿಸ್ಕೊಳ್ಳೋ ಹಾಗಿರ್ಲಿಲ್ಲ, ಆಫೀಸ್ ಗಾಡಿ. ಅವಳು ಬಸ್ ಸ್ಟಾಪಲ್ಲಿ ನಿಂತಿರೋಳು, ನಾನು ಮುಂದೆನೇ ಹೋಗ್ತಿದ್ದೆ. ಮೊದಮೊದ್ಲು ಕೈ ಬೀಸೋಳು. ಬೇಡ, ಹಿಂದೆ ಸಾಹೇಬ್ರು ಇರ್ತಾರೆ ಅಂತ ನಾನೇ ಹೇಳ್ದೆ. ಆಮೇಲೆ ಬೀಸ್ಲಿಲ್ಲ. ಈಗ ಸೀಟು ಅವಳ್ದೇ ಅಲ್ವಾ ಸಾರ್. ಕೆಲ್ಸ ಮುಗಿಯೋದ್ರೊಳ್ಗೆ ಒಂದ್ಸಲ ಕೂರ್ಲಿ ಅಂದ್ಕೊಂಡೆ.”

ಈ ವಿವರಣೆಯಲ್ಲಿ ಬರುವ ನಾಯಿ ಹಿಂದಿನ ಅಧಿಕಾರಿಗಳದ್ದೆಂದು ಸ್ಪಷ್ಟಪಡಿಸಲಾಗಿದೆ. ಅತ್ತೆಯವರು ಮಾತ್ರ ಕೆಳಗೆ ಸಹಿ ಮಾಡಿರುವವರ ಅತ್ತೆಯವರೇ. ಜೀಪಿನ ಹಿಂದಿನ ಸೀಟಿನಲ್ಲಿ ಕೂತು, ಅದೇ ಬಸ್ ಸ್ಟಾಪಿನ ಮುಂದೆ ದಿನವೂ ಹೋಗುತ್ತಿದ್ದರೂ, ಅಲ್ಲಿ ಯಾರು ನಿಂತಿದ್ದಾರೆಂದು ಒಂದು ಸಲವೂ ನೋಡಿರಲಿಲ್ಲವೆಂಬುದಕ್ಕೆ ಕೆಳಗೆ ಸಹಿ ಮಾಡಿರುವವರಿಗೆ ನಾಚಿಕೆಯಾಗಿದೆ. ಇದನ್ನು ಕಡತದಲ್ಲಿ ದಾಖಲಿಸಲಾಗಿದೆ.

ಭಾನುವಾರದ ಮಟ್ಟಿಗೆ ಸೀಟಿನ ಬಾಡಿಗೆ ಕೇಳಿ ಮೇಡಂ ಸಲ್ಲಿಸಿದ್ದ ಅರ್ಜಿಯನ್ನು, ವಿವರಣೆ ಓದಿದ ನಂತರ ಮೇಡಂ ಅವರೇ ಬಂದು ಹಿಂದಕ್ಕೆ ಪಡೆದಿರುತ್ತಾರೆ. ಹೋಗುವಾಗ ಬಾಗಿಲಲ್ಲಿ ನಿಂತು, “ಕೊನೇ ದಿನ ನಂಗೆ ತಲೆನೋವು ಅಂತ ಬರ್ಕೊಳ್ಳಿ” ಎಂದಿರುತ್ತಾರೆ. ಬರೆದುಕೊಳ್ಳಲಾಗಿದೆ.

೧೦. ಆದೇಶ

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿದ್ದು, ಚಾಲಕರು ತಪ್ಪು ಮಾಡಿರುವುದು ರುಜುವಾತಾಗಿದೆ. ಅದನ್ನು ಅವರು ತುಂಬಾ ಕಡಿಮೆ ಮಾಡಿರುವುದೂ ರುಜುವಾತಾಗಿದೆ. ಆದುದರಿಂದ ಸದರಿ ತಪ್ಪನ್ನು ಈ ತಿಂಗಳ ಕೊನೆಯ ದಿನ, ಕಚೇರಿಯ ವೇಳೆಯಲ್ಲಿ, ಕ್ರಮಬದ್ಧವಾಗಿ ಮತ್ತೊಮ್ಮೆ ಮಾಡತಕ್ಕದ್ದೆಂದು ಚಾಲಕರಿಗೆ ಈ ಮೂಲಕ ಆದೇಶಿಸಲಾಗಿದೆ. ಇದನ್ನು ಬರಲಿರುವ ಮಾದರಿಗಳ ಪರೀಕ್ಷಾರ್ಥ ಓಡಾಟವೆಂದು ಪರಿಗಣಿಸಲಾಗುವುದು.

ಅಂದಿನ ಹಾಜರಾತಿಗೆ ಸಂಬಂಧಿಸಿದಂತೆ ಲಿಖಿತ ಕಾರಣಗಳು ಮುಂಚಿತವಾಗಿಯೇ ಬಂದು ತಲುಪಿವೆ. ಮೇಡಂ ಅವರಿಗೆ ತಲೆನೋವು. ಬೆರಳಚ್ಚುಗಾರರ ವಾರವೋ ಅತ್ತೆಯವರ ವಾರವೋ ಎಂಬುದು ಅಂದು ಇತ್ಯರ್ಥವಾಗುವುದಿಲ್ಲ. ಉಗ್ರಾಣಪಾಲಕರು ಉಗ್ರಾಣದ ಬೀಗದ ಕೈಯನ್ನು ಕಳೆದುಕೊಳ್ಳಲಿದ್ದು, ಅದನ್ನು ಸಂಜೆಯವರೆಗೆ ಹುಡುಕಲಿದ್ದಾರೆ. ಕೆಳಗೆ ಸಹಿ ಮಾಡಿರುವವರಿಗೆ ಊಟದ ನಂತರ ಸೊಂಟ ಹಿಡಿದುಕೊಳ್ಳಲಿದೆ. ಛತ್ರಿ ಮಾತ್ರ ಹಾಜರಿರುತ್ತದೆ. ಬಿಸಿಲಿದ್ದರೆ ಅದನ್ನು ಬಳಸಬಹುದೆಂದು ಡಿಕ್ಕಿಯ ಮಾಲೀಕರು ತಿಳಿಸಿದ್ದಾರೆ.

ಎಲ್ಲ ಮಾಲೀಕರೂ ತಮ್ಮ ಪಾಲಿನ ಚಾರ್ಜನ್ನು ಅಂದಿನ ಮಟ್ಟಿಗೆ ನಡುವಿನ ಸೀಟಿಗೆ ಬಿಟ್ಟುಕೊಟ್ಟಿದ್ದಾರೆ. ಹಿಂದಿನ ದಿನ ಯಾರಿಗೂ ಎರಡನೇ ಲೋಟ ಚಹಾ ಇಲ್ಲ. ಇಷ್ಟು ಚಾರ್ಜಿನಲ್ಲಿ ಕಾರು ಊರಾಚೆಯ ಸೇತುವೆಯವರೆಗೆ ಹೋಗಿ ಬರಬಹುದೆಂದು ಅಂದಾಜಿಸಲಾಗಿದೆ. ಕಾರನ್ನು ತಳ್ಳಿಕೊಂಡು ಬರುವ ಅಗತ್ಯವಿಲ್ಲ. ದಂಪತಿಗಳಿಗೆ ಇಷ್ಟವಿದ್ದಲ್ಲಿ ಗೇಟಿನಿಂದ ಒಳಕ್ಕೆ ಮಾತ್ರ ತಳ್ಳಬಹುದು. ನಗುವುದಕ್ಕೆ ಪ್ರತ್ಯೇಕ ಅನುಮತಿ ಬೇಡ.

ಅಂದು ಎರಡೂ ಬದಿಯ ಕಿಟಕಿಗಳ ನೋಟವನ್ನು, ಸೀರೆ ಅಂಗಡಿ ಸಹಿತ, ನಡುವಿನ ಸೀಟಿನ ಮಾಲೀಕರಿಗೆ ವಹಿಸಲಾಗಿದೆ. ಅವರು ಯಾವ ಸೀಟಿನಲ್ಲಿ ಬೇಕಾದರೂ ಕೂರಬಹುದು. ತಮ್ಮದು ನಡುವಿನದೇ ಎಂದು ಅವರು ಹಟ ಹಿಡಿಯುವ ಸಂಭವವಿದ್ದು, ಹಾಗಾದಲ್ಲಿ ಚಾಲಕರು ಅವರನ್ನು ಒಲಿಸಿ ಮುಂದಿನ ಎಡ ಸೀಟಿಗೆ ಕರೆಯತಕ್ಕದ್ದು. ಸದರಿ ಸೀಟನ್ನು ಅದರ ಮಾಲೀಕರು ಖುದ್ದಾಗಿ ಒರೆಸಿಡಲಿದ್ದಾರೆ. ‘ಬುರ್ರ್’ ಶಬ್ದಕ್ಕೆ ಅಂದು ವಿನಾಯಿತಿ ಇದೆ. ಅದರ ಬದಲಿಗೆ ಇಬ್ಬರೂ ಜನರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತನಾಡಿಕೊಂಡು ಹೋದರೆ ಸಾಕು.

ಕಾರು ಗೇಟಿನಿಂದ ಖಾಲಿಯಾಗಿ ಹೊರಡತಕ್ಕದ್ದು. ಚಾಲಕರ ಪತ್ನಿಯವರು ಆ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಂತಿರತಕ್ಕದ್ದು. ಬಸ್ ಸ್ಟಾಪಿನ ಮುಂದೆ ಕಾರು ನಿಲ್ಲತಕ್ಕದ್ದು. ಹಿಂದಿನಿಂದ ಬರುವ ಬಸ್ಸು ಎಷ್ಟೇ ಹಾರ್ನ್ ಹೊಡೆದರೂ, ಅವರು ಪೂರ್ತಿ ಹತ್ತಿ ಕೂರುವವರೆಗೆ ಕಾರು ಕದಲತಕ್ಕದ್ದಲ್ಲ.

೧೧. ಬರಲಿರುವ ಮಾದರಿಗಳ ಬಗ್ಗೆ ಶಿಫಾರಸು

ಸೀಟು ಲೆಕ್ಕದಲ್ಲಿ ಮಾರಿದರೆ ಬೆಲೆ ಇಳಿಯುತ್ತದೆಂದು ಈ ಪ್ರಯೋಗದಿಂದ ಸಾಬೀತಾಗಿದೆ. ಆದರೆ ಒಂದೇ ಸೀಟಿನಲ್ಲಿ ಒಬ್ಬರು ಎಲ್ಲಿಗಾದರೂ ಹೋಗಬೇಕಾದರೆ ಉಳಿದವರು ಮನಸ್ಸು ಮಾಡಬೇಕಾಗುತ್ತದೆ. ಅದನ್ನು ಬೆಲೆಯಲ್ಲಿ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಮೇಲಿನ ಕಚೇರಿಯ ಸ್ಪಷ್ಟೀಕರಣ ಕೋರಲಾಗಿದೆ. ನಿವೃತ್ತರಾದವರ ಸೀಟನ್ನು ಹಿಂದಕ್ಕೆ ಪಡೆಯುವ ಷರತ್ತನ್ನು ಅಲ್ಲಿಯವರೆಗೆ ತಡೆಹಿಡಿಯಲಾಗಿದೆ. ಸ್ಪಷ್ಟೀಕರಣ ಬರುವುದು ಈ ಕಟ್ಟಡದ ಲಿಫ್ಟ್ ದುರಸ್ತಿಯಾದ ಮೇಲೆಯೇ ಎಂದು ನಿರೀಕ್ಷಿಸಲಾಗಿದೆ.

ಇನ್ನೂ ಕಾಗದದ ಮೇಲಿರುವ ಮೂರನೆಯ ಮಾದರಿಯಲ್ಲಿ ನಡುವಿನ ಸೀಟಿಗೂ ಒಂದು ಕಿಟಕಿ ಬರೆಯುವಂತೆ ನಕ್ಷೆಗಾರರನ್ನು ಕೋರಲಾಗಿದೆ. ಅದು ಹೇಗೆ ಸಾಧ್ಯ ಎಂದು ಅವರು ಕೇಳಿದ್ದಾರೆ. ಯೋಚಿಸುವಂತೆ ಸೂಚಿಸಲಾಗಿದೆ, ಪೆನ್ಸಿಲ್ ಖರ್ಚು ಈ ವಿಭಾಗದ್ದು.

ಈ ಸುತ್ತೋಲೆಯನ್ನು ಹಿಂದಿನೆರಡರ ಹಾಗೆ ಮಡಚಿ ಕುರ್ಚಿಯ ಕಾಲಿನ ಕೆಳಗೆ ಇಡದೆ, ಒಂದು ಸಲವಾದರೂ ಓದತಕ್ಕದ್ದು.

ಸಹಿ/-
ಉಪ ನಿರ್ದೇಶಕರು
(ಮುಂದಿನ ಎಡ ಸೀಟು)
ಕೈಗೆಟುಕುವ ವಿದ್ಯುತ್ ವಾಹನಗಳ ವಿಭಾಗ

ಪ್ರತಿಗಳು:

೧. ಲೆಕ್ಕಪತ್ರ ಶಾಖೆಯ ಮೇಡಂ ಅವರಿಗೆ. ಅವರ ಮೊದಲ ರಜೆಯನ್ನು ಮಂಜೂರು ಮಾಡಲಾಗಿದೆ. ತಲೆನೋವು ಬಾರದಿದ್ದರೂ ಚಿಂತೆಯಿಲ್ಲ.
೨. ಬೆರಳಚ್ಚುಗಾರರು ಮತ್ತು ಅವರ ಅತ್ತೆಯವರಿಗೆ, ಒಂದೇ ಪ್ರತಿ, ವಾರ ಬಿಟ್ಟು ವಾರ ಓದಲು.
೩. ಉಗ್ರಾಣಪಾಲಕರಿಗೆ. ಬೀಗದ ಕೈ ಎಲ್ಲಿ ಕಳೆಯಲಿದೆ ಎಂಬುದನ್ನು ಮುಂಚಿತವಾಗಿ ತಿಳಿಸುವುದು.
೪. ಡಿಕ್ಕಿಗೆ.
೫. ಗೇಟಿನ ಕಾವಲುಗಾರರಿಗೆ. ಅಂದು ಶಬ್ದ ಬಾರದಿದ್ದರೂ ಗೇಟು ತೆರೆಯುವುದು.
೬. ಕೆಟಲ್ ನೋಡಿಕೊಳ್ಳುವವರಿಗೆ, ಕಟ್ಟುನಿಟ್ಟಿನ ಕ್ರಮಕ್ಕಾಗಿ.
೭. ಕಚೇರಿ ಕಡತಕ್ಕೆ.
೮. ಹಿಂದಿನ ಸಾಲಿನ ನಡುವಿನ ಸೀಟಿನ ಮಾಲೀಕರಿಗೆ, ಅವರ ಪತಿಯವರ ಮುಖಾಂತರ. ಬಸ್ ಸ್ಟಾಪಿನಲ್ಲಿ ಕೈ ಬೀಸುವುದು ಬೇಡವೆಂದು ತಮಗೆ ಹಿಂದೆ ನೀಡಲಾಗಿದ್ದ ಮೌಖಿಕ ಸೂಚನೆಯನ್ನು ಈ ಮೂಲಕ ಹಿಂಪಡೆಯಲಾಗಿದೆ.